ಕಾಲಿಡುವ ಹೊತ್ತಿಗೆ ನೆಲ ಬೆಚ್ಚಗಿರಲಿ

ಇಂಗ್ಲೆಂಡಿನ ಜನವರಿಯಲ್ಲಿ ಬಚ್ಚಲುಮನೆಯ ಟೈಲ್ಸ್ ಮೇಲೆ ಬರಿಗಾಲಿಟ್ಟರೆ ಥಂಡಿ ಮೊಣಕಾಲಿನವರೆಗೂ ಏರುತ್ತದೆ. ಊರಿನಿಂದ ಬಂದ ಅಮ್ಮ ಮೊದಲ ಬೆಳಗ್ಗೆಯೇ ಹೊಸ್ತಿಲಲ್ಲಿ ಕಾಲು ಹಿಂದಕ್ಕೆಳೆದುಕೊಂಡರು. ಆಮೇಲೆ ಟೈಲ್ಸ್ ಕೆಳಗೆ ಕರೆಂಟಿನ ಹೀಟಿಂಗ್ ಮ್ಯಾಟ್ ಹಾಕಿಸಿದೆವು. ಅದನ್ನು ಹದವಾಗಿ ನಡೆಸುವುದು ಬೇರೆಯೇ ಕೆಲಸ.

ಮೊದಲು ನೆಲದ ಕಾವು ಅಳೆಯುವ ಸೆನ್ಸರ್ ನೋಡಿಕೊಳ್ಳಿ. ಅದು ಮ್ಯಾಟ್‌ನ ಎರಡು ತಂತಿಗಳ ನಟ್ಟನಡುವೆ, ಸಣ್ಣ ಪೈಪಿನೊಳಗೆ ಇರಬೇಕು. ತಂತಿಗೆ ತಾಗಿದ್ದರೆ ನೆಲ ಬೆಚ್ಚಗಾಗುವ ಮೊದಲೇ ಥರ್ಮೋಸ್ಟಾಟ್ ಆಫ್ ಆಗಿಬಿಡುತ್ತದೆ. ಪೈಪಿದ್ದರೆ ಸೆನ್ಸರ್ ಕೆಟ್ಟಾಗ ಟೈಲ್ಸ್ ಒಡೆಯದೆ ಹೊಸದನ್ನು ತೂರಿಸಬಹುದು. ಟೈಲ್ಸ್ ಹಾಕಿ ಮುಚ್ಚುವ ಮೊದಲು ಇದನ್ನು ಕಣ್ಣಾರೆ ನೋಡಿ. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಡಿ ಇಲ್ಲದೆ ಬೇಡವೇ ಬೇಡ.

ಬಚ್ಚಲಿನ ಥರ್ಮೋಸ್ಟಾಟನ್ನು ಸಾಮಾನ್ಯವಾಗಿ ಬಚ್ಚಲಿನ ಆಚೆ, ಕಾರಿಡಾರಿನ ಗೋಡೆಗೆ ಕೂರಿಸುತ್ತಾರೆ. ಹಾಗಾಗಿ ಸೆಟ್ಟಿಂಗ್‌ನಲ್ಲಿ 'ಫ್ಲೋರ್' ಆರಿಸಿ. 'ಏರ್' ಅಂತಿದ್ದರೆ ಅದು ಅಳೆಯುವುದು ಆ ಕಾರಿಡಾರಿನ ಗಾಳಿಯನ್ನು! ಟೈಲ್ಸ್‌ಗೆ 27–28 ಡಿಗ್ರಿ ಹಿತ. ಮರದ ನೆಲವಾದರೆ ಸಾಮಾನ್ಯವಾಗಿ 27 ದಾಟಬಾರದು. ಗರಿಷ್ಠ ಮಿತಿಯನ್ನು ಅಲ್ಲಿಗೇ ಕಟ್ಟಿಬಿಡಿ.

ಇನ್ನು ಟೈಮರ್. ಎಲ್ಲರೂ ಎಡವುವುದು ಇಲ್ಲೇ. ಸ್ವಿಚ್ ಒತ್ತಿದ ಕೂಡಲೇ ನೆಲ ಬಿಸಿಯಾಗುವುದಿಲ್ಲ. ಒಂದು ಬೆಳಗ್ಗೆ ಆನ್ ಮಾಡಿ, ಹತ್ತು ಹತ್ತು ನಿಮಿಷಕ್ಕೊಮ್ಮೆ ಬರಿಗಾಲಿಟ್ಟು ನೋಡಿ, ಬರೆದಿಟ್ಟುಕೊಳ್ಳಿ. ಮ್ಯಾಟ್ ಕೆಳಗೆ ಇನ್ಸುಲೇಷನ್ ಬೋರ್ಡ್ ಇದ್ದರೆ ಸುಮಾರು ಅರ್ಧ ಗಂಟೆ ಸಾಕು. ಬರೀ ಕಾಂಕ್ರೀಟಾದರೆ ಗಂಟೆ ದಾಟುತ್ತದೆ. ನಮ್ಮ ಮನೆಯಲ್ಲಿ ನಲವತ್ತು ನಿಮಿಷ. ಅಮ್ಮ ಏಳುವುದು ಆರೂವರೆಗೆ, ಆದ್ದರಿಂದ ಆನ್ ಆಗುವುದು 5:50ಕ್ಕೆ. ಆದರೆ ಕೆಲವು ಥರ್ಮೋಸ್ಟಾಟ್‌ಗಳು ಈ ಲೆಕ್ಕವನ್ನು ತಾವೇ ಕಲಿತು ಮುಂಚೆ ಶುರುಮಾಡುತ್ತವೆ. ಅಂಥದಕ್ಕೆ 6:30 ಎಂದೇ ಕೊಡಿ, ಇಲ್ಲದಿದ್ದರೆ 5:10ಕ್ಕೇ ಉರಿಯತೊಡಗುತ್ತದೆ. ಕೊನೆಯವರು ಸ್ನಾನಕ್ಕೆ ಹೋಗುವಾಗಲೇ ಆಫ್ ಆಗಲಿ. ಟೈಲ್ಸ್‌ನಲ್ಲಿ ಉಳಿದ ಕಾವು ಅವರಿಗೆ ಸಾಲುತ್ತದೆ.

ಖರ್ಚಿನ ಲೆಕ್ಕ ಸುಲಭ. ಚದರ ಮೀಟರಿಗೆ 150 ವ್ಯಾಟ್‌ನ ಮ್ಯಾಟ್ ಮೂರು ಚದರ ಮೀಟರ್ ಇದ್ದರೆ 450 ವ್ಯಾಟ್. ಒಂದೂವರೆ ಗಂಟೆ ಪೂರ್ತಿ ಉರಿದರೂ ಮುಕ್ಕಾಲು ಯೂನಿಟ್ ದಾಟದು. 'ಎಕಾನಮಿ 7' ಎಂಬ ಕರೆಂಟ್ ದರದವರು ರಾತ್ರಿಯ ಏಳು ಅಗ್ಗದ ಗಂಟೆ ಎಷ್ಟಕ್ಕೆ ಮುಗಿಯುತ್ತದೆಂದು ವಿಚಾರಿಸಿ, ಕಾಯಿಸುವುದನ್ನು ಅದರೊಳಗೆ ತನ್ನಿ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಾದಾಗ ಹಳೆಯ ಟೈಮರನ್ನು ಕೈಯಾರೆ ತಿದ್ದಬೇಕು.

ದಪ್ಪ ಕಾಲೊರಸನ್ನು ನೆಲದ ಮೇಲೆಯೇ ಬಿಡಬೇಡಿ. ಅದರಡಿ ಬಿಸಿ ಕಟ್ಟಿಕೊಳ್ಳುತ್ತದೆ. ಅಮ್ಮ ಈಗ ಸ್ನಾನ ಮುಗಿಸಿ ತಾವೇ ಅದನ್ನು ಎತ್ತಿ ಬಾಗಿಲ ಹಿಂದಿನ ಕೊಕ್ಕೆಗೆ ಹಾಕುತ್ತಾರೆ.