ಸುಷುಪ್ತಿ, ಮೂರ್ಛೆ ಮತ್ತು ಶೂನ್ಯ

ಚಾತುರ್ಮಾಸ್ಯದ ಪ್ರವಚನ ಮುಗಿದು ತೀರ್ಥಪ್ರಸಾದವಾದ ಮೇಲೆ ವೃದ್ಧ ಗೃಹಸ್ಥರೊಬ್ಬರು ನಮ್ಮ ಬಳಿ ಬಂದು ಕುಳಿತರು. "ಆಚಾರ್ಯರೇ, ಶಸ್ತ್ರಚಿಕಿತ್ಸೆಗೆಂದು ನನಗೆ ಅರಿವಳಿಕೆ ಕೊಟ್ಟಿದ್ದರು. ಆ ಮೂರು ತಾಸು ಏನೂ ಇರಲಿಲ್ಲ, ನಾನೂ ಇರಲಿಲ್ಲ. ಕೊನೆಗೆ ಆಗುವುದೂ ಅದೇ ಆದರೆ ಇಷ್ಟು ವರ್ಷದ ಪೂಜೆ ಯಾರಿಗಾಗಿ?" ಎಂದರು. ಅವರ ಕಂಠದಲ್ಲಿ ಕುತೂಹಲಕ್ಕಿಂತ ಭಯವೇ ಹೆಚ್ಚಾಗಿತ್ತು.

ಈ ಶಂಕೆಗೆ ಬಹುಕಾಲದ ಬಂಧುವೆಂದರೆ ಶೂನ್ಯವಾದ. ಶೂನ್ಯವೆಂದರೆ ಏನೂ ಇಲ್ಲವೆಂಬುದು, ಅದು ಹುರುಳಿಲ್ಲದ ಮತ ಎಂದು ಎರಡು ಮಾತಿನಲ್ಲಿ ಮುಗಿಸುವ ರೂಢಿ ನಮ್ಮಲ್ಲಿದೆ. ಇದು ಸರಿಯಲ್ಲ. ಮಾಧ್ಯಮಿಕರಲ್ಲಿ ಪ್ರಧಾನನಾದ ನಾಗಾರ್ಜುನನು ಸಕಲ ಪದಾರ್ಥಗಳೂ ಪರಸ್ಪರಾಪೇಕ್ಷೆಯಿಂದ ತೋರುವುದರಿಂದ ಅವುಗಳಿಗೆ ಸ್ವಂತ ಸ್ವಭಾವವಿಲ್ಲವೆಂದನು. ಆ ನಿಃಸ್ವಭಾವತೆಯನ್ನೇ ಶೂನ್ಯತೆಯೆಂದು ಕರೆದನು. ಕೇವಲ ಅಭಾವವೆಂಬ ಅರ್ಥವನ್ನು ಅವನೇ ಒಪ್ಪುವುದಿಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿಲ್ಲಿಸಿ ಅನಂತರ ಖಂಡಿಸುವ ಕ್ರಮವನ್ನು ಶ್ರೀಜಯತೀರ್ಥರ ನ್ಯಾಯಸುಧೆಯನ್ನು ಓದಿದವರು ಬಲ್ಲರು.

ಆದರೆ ಎಲ್ಲವೂ ಪರಾಪೇಕ್ಷವಾದರೆ, ಹಾಗೆಂದು ಅರಿಯುವವನಾರು? ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಇಲ್ಲಿ ಸಾಕ್ಷಿಯು ಬರುತ್ತದೆ. ಮನಸ್ಸು ಜಡ, ಅದು ದಣಿಯುತ್ತದೆ, ಭ್ರಮಿಸುತ್ತದೆ. ಸಾಕ್ಷಿಯಾದರೋ ಜೀವನ ಸ್ವರೂಪೇಂದ್ರಿಯ. ತನ್ನನ್ನು, ಸುಖದುಃಖಗಳನ್ನು, ಕಾಲವನ್ನು, ಅವ್ಯಾಕೃತಾಕಾಶವನ್ನು ಅದು ನೇರವಾಗಿ ಗ್ರಹಿಸುತ್ತದೆ. ನಾವು ಬರಿದೆಂದು ತಿಳಿಯುವ ಅವಕಾಶವೂ ಸಾಕ್ಷಿಗೆ ಗೋಚರವಾದ ಒಂದು ಭಾವಪದಾರ್ಥವೇ ಎಂಬುದನ್ನು ಗಮನಿಸಬೇಕು. ಗಾಢನಿದ್ರೆಯಿಂದ ಎದ್ದವನು "ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ" ಎನ್ನುತ್ತಾನೆ. (ಪ್ರವಚನದ ನಡುವೆ ಮಲಗುವವರೂ ಹೀಗೆಯೇ ಹೇಳುತ್ತಾರೆ.) ಅನುಭವವಿಲ್ಲದೆ ಸ್ಮರಣೆಯಿಲ್ಲ. ಆದುದರಿಂದ ಅಲ್ಲಿ ಸುಖವೂ ಕಾಲವೂ ತಾನೂ ಅನುಭವಕ್ಕೆ ಬಂದಿರಲೇಬೇಕು.

"ನನಗೆ ಅಂಥ ಸುಖದ ನೆನಪೂ ಇಲ್ಲವಲ್ಲ!" ಎಂದು ಆ ಹಿರಿಯರು ತಡೆದರು. ಆಕ್ಷೇಪ ಯುಕ್ತವೇ. ಮೂರ್ಛೆಯು ನಿದ್ರೆಯಲ್ಲ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಇದಕ್ಕೆಂದೇ ಒಂದು ಸೂತ್ರವಿದೆ. ಭಾಷ್ಯದ ರೀತಿಯಲ್ಲಿ, ಹೃದಯಸ್ಥನಾದ ಪರಮಾತ್ಮನಿಂದ ಜೀವನು ದೂರವಿರುವಾಗ ಜಾಗ್ರತ್, ಸಮೀಪದಲ್ಲಿರುವಾಗ ಸ್ವಪ್ನ, ಅವನನ್ನು ಸೇರಿದಾಗ ಸುಷುಪ್ತಿ, ಮೂರ್ಛೆಯಾದರೋ ಅರ್ಧಪ್ರಾಪ್ತಿ. ಪೂರ್ಣವಾಗಿ ಸೇರದ ಕಾರಣ ಎದ್ದವನಿಗೆ ಸುಖಸ್ಮರಣೆಯಿಲ್ಲ, ದುಃಖವೊಂದೇ ನೆನಪು. ಅಲ್ಲಿಯೂ ಜೀವನಿದ್ದಾನೆ, ಅವನನ್ನು ಧರಿಸುವ ಸ್ವಾಮಿಯೂ ಇದ್ದಾನೆ.

ಇನ್ನೊಂದನ್ನೂ ನಾವು ಅವರನ್ನು ಕೇಳಿದೆವು: ಮೂರು ತಾಸೆಂದು ನಿಮಗೆ ಹೇಳಿದವರಾರು? "ಮಗ ಗಡಿಯಾರ ನೋಡಿ ಹೇಳಿದ" ಎಂದರು. ಹಾಗಾದರೆ "ನಾನಿರಲಿಲ್ಲ" ಎಂಬುದು ತಾವು ಕಂಡದ್ದಲ್ಲ, ಅನಂತರ ಊಹಿಸಿದ್ದು. ತನ್ನ ಅಭಾವವನ್ನು ತಾನೇ ಕಂಡವನು ಯಾರೂ ಇಲ್ಲ. ಕಣ್ಣು ತೆರೆದಾಗ ಮೊದಲು ಏನು ತಿಳಿಯಿತೆಂದು ಕೇಳಿದುದಕ್ಕೆ, ಸ್ವಲ್ಪ ಯೋಚಿಸಿ, "ಹೊಟ್ಟೆಯ ಹೊಲಿಗೆಯ ನೋವು" ಎಂದರು.

ಅವರಿಗೆ ಅಂದೇ ಪೂರ್ಣ ಸಮಾಧಾನವಾಯಿತೆಂದು ನಾವು ಹೇಳಲಾರೆವು. ಸೂತ್ರದ ಅಧ್ಯಾಯ, ಪಾದಗಳನ್ನು ಪಂಚಾಂಗದ ಹಿಂಬದಿಯಲ್ಲಿ ಬರೆದುಕೊಂಡು, ಭಾಷ್ಯದ ಆ ಭಾಗವನ್ನು ಮುಂದಿನ ವಾರ ಸಾವಕಾಶವಾಗಿ ಓದಿ ಹೇಳಬೇಕೆಂದು ಕೇಳಿಕೊಂಡು ಹೊರಟರು.