ಗುಣಾತ್ಮಕ ಸಂಶೋಧನಾ ಲೇಖನ: ಸಾರಾಂಶ ಹೇಗೆ, ವಿಮರ್ಶೆ ಹೇಗೆ?

ಸಮಾಜಶಾಸ್ತ್ರ, ಶಿಕ್ಷಣ, ನರ್ಸಿಂಗ್, ಸಮಾಜಕಾರ್ಯ ಓದುವವರಿಗೆ ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಈ ಅಸೈನ್‌ಮೆಂಟ್ ಬಂದೇ ಬರುತ್ತದೆ: ಗುಣಾತ್ಮಕ ಸಂಶೋಧನೆಯ ಲೇಖನವೊಂದನ್ನು ಆರಿಸಿಕೊಂಡು ಸಾರಾಂಶ ಬರೆಯಿರಿ, ವಿಮರ್ಶಿಸಿರಿ. ಹೆಚ್ಚಿನವರ ವಿಮರ್ಶೆ ‘ಮಾತಾಡಿಸಿದ್ದು ಕೆಲವೇ ಜನರನ್ನು, ಹಾಗಾಗಿ ಇದು ಎಲ್ಲರಿಗೂ ಅನ್ವಯಿಸದು’ ಎಂಬಲ್ಲಿಗೆ ಮುಗಿಯುತ್ತದೆ. ಇದು ಅಂಕಿಅಂಶದ ಸಮೀಕ್ಷೆಗೆ ಕೇಳಬೇಕಾದ ಪ್ರಶ್ನೆ. ಹದಿನೈದು ಜನರ ಜೊತೆ ಗಂಟೆಗಟ್ಟಲೆ ಕೂತು ಮಾತಾಡಿದವರು ಎಣಿಸಲು ಹೋದವರಲ್ಲ. ಆ ಹದಿನೈದು ಜನ ತಮ್ಮ ಬದುಕನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾರೆಂದು ತಿಳಿಯಲು ಹೋದವರು. ಅವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ನೀವು ಎಲ್ಲಿ ನಿಂತು ನೋಡಿದಿರಿ, ಯಾರ ಮಾತು ನಿಮ್ಮ ಕಿವಿಗೆ ಬಿತ್ತು?

ಉದಾಹರಣೆಗೆ ನಮ್ಮ ಮೈಸೂರು ಸೀಮೆಯದೇ ಲೇಖನವೊಂದನ್ನು ಇಟ್ಟುಕೊಳ್ಳೋಣ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಕ್ಷೇತ್ರಕಾರ್ಯ ಮಾಡಿದರು. ಬರಹದಲ್ಲಿ ಆ ಊರಿಗೆ ರಾಂಪುರ ಎಂದು ಹೆಸರಿಟ್ಟರು. ಆ ಕ್ಷೇತ್ರಕಾರ್ಯವನ್ನು ಆಧರಿಸಿದ ಲೇಖನ ‘ದಿ ಡಾಮಿನೆಂಟ್ ಕಾಸ್ಟ್ ಇನ್ ರಾಂಪುರ’ 1959ರಲ್ಲಿ ‘ಅಮೆರಿಕನ್ ಆಂತ್ರೊಪಾಲಜಿಸ್ಟ್’ ಪತ್ರಿಕೆಯಲ್ಲಿ ಬಂತು. ಪ್ರಬಲ ಜಾತಿ ಎಂದು ನಾವು ಇಂದು ಚುನಾವಣೆಯ ಚರ್ಚೆಗಳಲ್ಲೂ ಬಳಸುವ ಪರಿಕಲ್ಪನೆಯ ಹಿಂದೆ ಅವರ ಇಂಥ ಬರಹಗಳಿವೆ.

ಮೊದಲ ಓದಿನಲ್ಲಿ ಪೆನ್ನು ಹಿಡಿಯಬೇಡಿ. ಪೀಠಿಕೆ, ಕೊನೆಯ ಭಾಗ, ಆಮೇಲೆ ನಡುವಿನದು, ಹೀಗೆ ಒಮ್ಮೆ ಓದಿ. ಎರಡನೇ ಓದಿನಲ್ಲಿ ಅಂಚಿನಲ್ಲಿ ಮೂರು ಬಗೆಯ ಗುರುತು ಹಾಕುತ್ತ ಹೋಗಿ: ಊರಿನವರು ಹೇಳಿದ್ದು ಅಥವಾ ಮಾಡಿದ್ದು, ಅದಕ್ಕೆ ಲೇಖಕರು ಕೊಟ್ಟ ಅರ್ಥ, ಓದುವಾಗ ನಿಮಗೆ ಅನ್ನಿಸಿದ್ದು. ಈ ಮೂರೂ ಕಲಸಿಹೋದರೆ ಸಾರಾಂಶವೂ ಕೆಡುತ್ತದೆ, ವಿಮರ್ಶೆಯೂ ಕೆಡುತ್ತದೆ.

ಇನ್ನು ಲೇಖನವನ್ನು ಮುಚ್ಚಿಟ್ಟು ಬರೆಯಿರಿ. ಕಣ್ಣೆದುರು ತೆರೆದಿಟ್ಟರೆ ಅದರ ವಾಕ್ಯಗಳೇ ನಿಮ್ಮ ಹಾಳೆಗೆ ಇಳಿಯುತ್ತವೆ. ಪ್ರಶ್ನೆ ಏನು, ಎಲ್ಲಿ ಮತ್ತು ಹೇಗೆ ಹುಡುಕಿದರು, ಏನು ಕಂಡರು, ಅದರಿಂದ ಏನು ವಾದಿಸುತ್ತಾರೆ, ಇಷ್ಟು ಸಾಕು. ರಾಂಪುರದ ಲೇಖನದ ತಿರುಳು ಹೀಗೆ ಬಂದೀತು: ‘ಜನಸಂಖ್ಯೆ, ಭೂಮಿ, ರಾಜಕೀಯ ಬಲ, ತೀರಾ ಕೆಳಗಲ್ಲದ ಜಾತಿಸ್ಥಾನ, ಇವುಗಳ ಜೊತೆಗೆ ಹೊಸದಾಗಿ ಆಧುನಿಕ ಶಿಕ್ಷಣ ಮತ್ತು ಉದ್ಯೋಗ ಒಂದು ಜಾತಿಯನ್ನು ಊರಿನಲ್ಲಿ ಪ್ರಬಲಗೊಳಿಸುತ್ತವೆ ಎಂದು ಲೇಖಕರು ವಾದಿಸುತ್ತಾರೆ, ರಾಂಪುರದಲ್ಲಿ ಆ ಸ್ಥಾನ ಒಕ್ಕಲಿಗರದು.’ ‘ವಾದಿಸುತ್ತಾರೆ’ ಎಂಬ ಕ್ರಿಯಾಪದವನ್ನು ಗಮನಿಸಿ. ‘ಸಾಬೀತುಪಡಿಸಿದ್ದಾರೆ’ ಎಂದು ಬರೆದರೆ ವಿಮರ್ಶೆಗೆ ಜಾಗವೇ ಉಳಿಯುವುದಿಲ್ಲ. ಇಡೀ ಅಸೈನ್‌ಮೆಂಟಿನ ಅರ್ಧಕ್ಕಿಂತ ಹೆಚ್ಚು ಭಾಗ ಸಾರಾಂಶಕ್ಕೇ ಹೋಗದಂತೆ ನೋಡಿಕೊಳ್ಳಿ.

ವಿಮರ್ಶೆಗೆ ಕೂತಾಗ ಮೊದಲು ನೋಡಬೇಕಾದದ್ದು ಸಂಶೋಧಕರ ನೆಲೆಯನ್ನು. ನನ್ನ ಮಟ್ಟಿಗೆ ಬೇರೆಲ್ಲಕ್ಕಿಂತ ಇದೇ ಮುಖ್ಯ. ಶ್ರೀನಿವಾಸ್ ಬ್ರಾಹ್ಮಣರು, ಆಕ್ಸ್‌ಫರ್ಡ್‌ನಲ್ಲಿ ಓದಿದವರು. ಊರಿನಲ್ಲಿ ಅವರು ಇಳಿದುಕೊಂಡದ್ದು ಒಕ್ಕಲಿಗ ಪಟೇಲರಿಗೆ ಸೇರಿದ ಮನೆಯಲ್ಲಿ. ಪ್ರಬಲ ಜಾತಿಯ ಬಗ್ಗೆ ಬರೆದವರು ಪ್ರಬಲರ ಆಸರೆಯಲ್ಲೇ ಇದ್ದರು! ಹಾಗಾದರೆ ದಲಿತ ಕೇರಿಯವರು ಅವರೆದುರು ಬಿಚ್ಚುಮನಸ್ಸಿನಿಂದ ಮಾತಾಡಿದರೇ? ಹೆಂಗಸರ ಲೋಕ ಎಷ್ಟು ಕಂಡಿತು? ಆ ಆಸರೆ ತಮ್ಮ ಒಡನಾಟಕ್ಕೆ ಮಿತಿ ಹಾಕಿತೆಂದು ಮುಂದೆ ಅವರೇ ಒಪ್ಪಿಕೊಂಡಿದ್ದಾರೆ. ಆದರೆ ‘ಲೇಖಕರು ಮೇಲ್ಜಾತಿಯವರು, ಆದ್ದರಿಂದ ಲೇಖನ ತಪ್ಪು’ ಎಂದು ಬರೆದರೆ ಅದು ವಿಮರ್ಶೆಯಲ್ಲ. ಆ ನೆಲೆಯಿಂದ ಏನು ಹತ್ತಿರದಿಂದ ಕಂಡಿತು, ಏನು ಮರೆಯಾಯಿತು ಎಂದು ಎರಡನ್ನೂ ಲೇಖನದೊಳಗಿಂದಲೇ ತೋರಿಸಬೇಕು. ಮುಖಂಡರು ವ್ಯಾಜ್ಯ ತೀರ್ಮಾನಿಸುವ ಬಗೆ ಅಷ್ಟು ಸ್ಪಷ್ಟವಾಗಿ ಕಂಡದ್ದೂ ಅದೇ ನೆಲೆಯಿಂದ.

ಮುಂದಿನದು ಸಾಕ್ಷ್ಯ ಮತ್ತು ವಾದದ ನಡುವಿನ ದೂರ. ಒಂದು ಊರಿನಲ್ಲಿ ಕಂಡದ್ದು ಎಲ್ಲಿಯವರೆಗೆ ಸಲ್ಲುತ್ತದೆ? ಸಂಶೋಧನಾ ವಿಧಾನದ ವಿದ್ವಾಂಸರಾದ ಲಿಂಕನ್ ಮತ್ತು ಗೂಬಾ 1985ರಲ್ಲಿ ಗುಣಾತ್ಮಕ ಸಂಶೋಧನೆಗೆ ಬೇರೆಯದೇ ಅಳತೆಗೋಲುಗಳನ್ನು ಕೊಟ್ಟರು. ಅವರ ಪ್ರಕಾರ ಸಂಶೋಧಕರು ಸಂದರ್ಭವನ್ನು ಸಾಕಷ್ಟು ವಿವರಿಸಬೇಕು. ಬೇರೆ ಊರಿಗೆ ಅದು ಸಲ್ಲುವುದೇ ಎಂದು ಓದುಗರು ತೂಗಿ ನೋಡಬೇಕು. ಹಾಗಾಗಿ ನೀವು ಕೇಳಬೇಕಾದದ್ದು ‘ತೂಗಿ ನೋಡುವಷ್ಟು ವಿವರ ಇಲ್ಲಿದೆಯೇ?’ ಎಂದು. ವಾದಕ್ಕೆ ಒಗ್ಗದ ಪ್ರಸಂಗಗಳನ್ನೂ ಲೇಖಕರು ಹೇಳಿದ್ದಾರೆಯೇ ಎಂಬುದನ್ನೂ ನೋಡಿ.

ಕಾಲವನ್ನು ಮರೆಯಬೇಡಿ. 1950ರ ದಶಕದ ಲೇಖನದಲ್ಲಿ ಇಂದಿನಂಥ ವಿಧಾನದ ಅಧ್ಯಾಯ, ಒಪ್ಪಿಗೆ ಪತ್ರದ ಪ್ರಸ್ತಾಪ ಸಿಗದಿರಬಹುದು. ಕೊರತೆಯನ್ನು ಗುರುತಿಸಿ, ಅಪರಾಧವೆನ್ನಬೇಡಿ. ಒಬ್ಬರದೇ ಎರಡು ಬರಹಗಳಿಗೂ ಒಂದೇ ಪ್ರಶ್ನೆ ಹೊಂದುವುದಿಲ್ಲ. 1970ರ ಏಪ್ರಿಲ್‌ನಲ್ಲಿ ಶ್ರೀನಿವಾಸ್ ಆಗ ಇದ್ದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ರಾಂಪುರದ ಬಗೆಗಿನ ಅವರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. 1976ರ ‘ದಿ ರಿಮೆಂಬರ್ಡ್ ವಿಲೇಜ್’ ನೆನಪಿನಿಂದ ಬರೆದ ಪುಸ್ತಕ. ಅದಕ್ಕೆ ನೆನಪಿನ ನಂಬಿಕಾರ್ಹತೆಯ ಪ್ರಶ್ನೆ ಸಲ್ಲುತ್ತದೆ, ಬೆಂಕಿಗೆ ಮುಂಚಿನ 1959ರ ಲೇಖನಕ್ಕೆ ಸಲ್ಲುವುದಿಲ್ಲ.

ಒಪ್ಪಿಸುವ ಮುನ್ನ ನಿಮ್ಮ ಪ್ರತಿಯೊಂದು ಆಕ್ಷೇಪದ, ಪ್ರತಿಯೊಂದು ಮೆಚ್ಚುಗೆಯ ಪಕ್ಕ ಲೇಖನದ ಪುಟಸಂಖ್ಯೆ ಬರೆಯಿರಿ. ಪುಟ ಸಿಗದ ಮಾತು ಉಳಿದರೆ ಲೇಖನವನ್ನು ಇನ್ನೊಮ್ಮೆ ತೆರೆದು ಹುಡುಕಿ. ಆಗಲೂ ಸಿಗದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ.