ಎಡಗಡೆಯಿಂದ ಬರುವ ಸದ್ದು

ತೀರ್ಥಹಳ್ಳಿ
ಭಾನುವಾರ

ಪ್ರೀತಿಯ ಪುಟ್ಟೀ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಮಾವ, ಅಜ್ಜನ ಕಾರು ಗುಂಯ್ ಅಂತಿದೆ. ಗ್ಯಾರೇಜಿನವರು ನಾಲ್ಕೂ ಟೈರು ಬದಲಾಯಿಸಿ ಅಂತಾರೆ, ಪಕ್ಕದ ಮನೆಯವರು ಮಾರಿಬಿಡು ಅಂತಾರೆ." ಮಾರುವ ಮಾತು ಈಗ ಬೇಡ. ಟೈರಿನ ಮಾತೂ ಬೇಡ. ಕಾರಿಗೆ ಏನೋ ನೋವಾಗಿದೆ. ಎಲ್ಲಿ ಅಂತ ಕೇಳದೆ ಔಷಧಿ ಕೊಡುವುದು ಯಾವ ನ್ಯಾಯ?

ಮುಂದೆ ಓದುವ ಮೊದಲು ಕೆಳಗಿಳಿದು ಹೋಗಿ ಒಂದು ಕೆಲಸ ಮಾಡಿ ಬಾ. ಡಿಕ್ಕಿಯಿಂದ ವೀಲ್ ಪಾನಾ ತೆಗೆದು ನಾಲ್ಕೂ ಚಕ್ರದ ನಟ್ಟು ಬಿಗಿಯಾಗಿವೆಯಾ ನೋಡು. ನಟ್ಟು ಸಡಿಲವಾದರೂ ಚಕ್ರ ಸದ್ದು ಮಾಡುತ್ತದೆ. ಆ ಸದ್ದನ್ನು ಮಾತ್ರ ನಾಳೆ ನೋಡೋಣ ಅನ್ನುವ ಹಾಗಿಲ್ಲ.

ನೋಡಿ ಬಂದೆಯಾ? ಸರಿ.

ಚಕ್ರದ ಸದ್ದಿನಲ್ಲಿ ಜಾತಿಗಳಿವೆ. ನಿಧಾನ ಹೋಗುವಾಗ ಟಿಕ್ ಟಿಕ್ ಅಂದು, ವೇಗ ಹೆಚ್ಚಿದಂತೆ ಅದೂ ಚುರುಕಾದರೆ ಟೈರಿನ ಗೀರಿನಲ್ಲಿ ಕಲ್ಲೋ ಮೊಳೆಯೋ ಸಿಕ್ಕಿಕೊಂಡಿದೆ ಅಂದುಕೋ. ನಮ್ಮ ಮಾರುತಿ 800ರದು 12 ಅಂಗುಲದ ಪುಟ್ಟ ಚಕ್ರ. ಒಂದು ಸುತ್ತಿಗೆ ಒಂದೂವರೆ ಮೀಟರಿಗೆ ತುಸು ಹೆಚ್ಚು ಓಡುತ್ತದೆ. 20ರ ವೇಗದಲ್ಲಿ ಸೆಕೆಂಡಿಗೆ ಮೂರೂ ಚಿಲ್ಲರೆ ಸುತ್ತು, ಅಷ್ಟೇ ಟಿಕ್ಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕಟಕ ಅಂದರೆ ಮುಂದಿನ ಆಕ್ಸಲ್ ಜಾಯಿಂಟು. ಆಗ ಚಕ್ರದ ಹಿಂಬದಿಯ ರಬ್ಬರು ಹರಿದು ಗ್ರೀಸು ಸುತ್ತಲೂ ಸಿಡಿದಿರುವುದು ಬಗ್ಗಿ ನೋಡಿದರೆ ಕಾಣುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅದು ಬಚ್ಚಿಟ್ಟುಕೊಳ್ಳುವುದಕ್ಕೆ ಆಗುವುದೇ ಇಲ್ಲ. ಕೀಚಲು ಸದ್ದೊಂದು ಬರುತ್ತಿದ್ದು, ಬ್ರೇಕಿನ ಮೇಲೆ ಮೆತ್ತಗೆ ಕಾಲಿಟ್ಟ ಕೂಡಲೇ ನಿಂತರೆ ಬ್ರೇಕ್ ಪ್ಯಾಡು ನೋಡಿಸಬೇಕು.

ನಿನ್ನದು ಗುಂಯ್. 40 ದಾಟಿದ ಮೇಲೆ ಶುರು, 60ಕ್ಕೆ ಜೋರು ಅಂದೆ. ಇದಕ್ಕೆ ಕಾರಣ ಟೈರೂ ಆಗಬಹುದು, ವೀಲ್ ಬೇರಿಂಗೂ ಆಗಬಹುದು. ಅನುಭವಸ್ಥರೂ ಎಡವುವುದು ಇಲ್ಲೇ. ನಿನ್ನ ಅಜ್ಜ ಮತ್ತು ನಾನು ಎಡವಿದ್ದೂ ಇಲ್ಲೇ.

ನೀನಾಗ ಒಂದನೇ ಕ್ಲಾಸೋ ಎರಡೋ. ಒಂದು ಮಳೆಗಾಲ ಹಳ್ಳದ ನೀರು ರಸ್ತೆಗೇ ಹತ್ತಿತ್ತು, ಅದರಲ್ಲೇ ಕಾರು ದಾಟಿಸಿಕೊಂಡು ಬಂದೆವು. ಎರಡು ತಿಂಗಳಿಗೆ ಸದ್ದು ಶುರುವಾಯಿತು. ಬೇರಿಂಗಿನ ಸೀಲು ಹಳತಾಗಿದ್ದರೆ ನೀರು ಒಳಗೆ ನುಗ್ಗಿ ಗ್ರೀಸು ಕೆಡುತ್ತದೆ, ಗುಂಡುಗಳು ಓಡುವ ದಾರಿಗೆ ತುಕ್ಕು ಹಿಡಿದು ಅಲ್ಲಲ್ಲಿ ಕುಳಿ ಬೀಳುತ್ತದೆ. ನಾನು ಎಡಗಡೆ ಸೀಟಿನಲ್ಲಿ ಕೂರುತ್ತಿದ್ದವನು, ಸದ್ದು ಎಡಗಡೆಯದೇ ಅಂತ ಹಟ ಹಿಡಿದೆ. ಎಡಗಡೆ ಬೇರಿಂಗು ಬದಲಾಯಿಸಿಯೂ ಆಯಿತು. ಮನೆಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಗುಂಯ್. ಲೋಹದ ಮೈಯೊಳಗೆ ಸದ್ದು ಹರಿದಾಡುತ್ತದೆ ಪುಟ್ಟೀ, ಕಿವಿಗೆ ಹತ್ತಿರವಿರುವ ಕಡೆಯದೇ ಅನ್ನಿಸಿಬಿಡುತ್ತದೆ.

ಮಾರನೇ ದಿನ ಅಜ್ಜ ಏನೂ ಮಾತಾಡದೆ ನನ್ನ ಕೈಗೆ ಸ್ಟೀರಿಂಗ್ ಕೊಟ್ಟು ಹಿಂದಿನ ಸೀಟಿನ ನಟ್ಟನಡುವೆ ಕಣ್ಣು ಮುಚ್ಚಿ ಕೂತರು. ಖಾಲಿ ರಸ್ತೆಯಲ್ಲಿ 50ರಲ್ಲಿ ಹೋಗುತ್ತಾ ಒಮ್ಮೆ ಮೆಲ್ಲಗೆ ಎಡಕ್ಕೆ ಎಳೆಯುವುದು, ಒಮ್ಮೆ ಬಲಕ್ಕೆ. ಎಡಕ್ಕೆಳೆದಾಗಲೆಲ್ಲ ಸದ್ದು ಏರಿತು, ಬಲಕ್ಕೆಳೆದಾಗ ಇಳಿಯಿತು. "ಬಲಗಡೆ" ಅಂದರು ಅಜ್ಜ. ಎಡಕ್ಕೆ ತಿರುಗಿದಾಗ ಕಾರಿನ ಭಾರ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ, ಸವೆದ ಬೇರಿಂಗು ಭಾರ ಬಿದ್ದಾಗಲೇ ನರಳುತ್ತದೆ.

ಮನೆಗೆ ಬಂದು ಜಾಕು ಕೊಟ್ಟೆವು. ಅಜ್ಜ ಚಕ್ರದ ಹಿಂದೆ ಕೈ ತೂರಿಸಿ ಸ್ಪ್ರಿಂಗಿನ ಮೇಲೆ ಬೆರಳಿಟ್ಟರು, ನಾನು ಚಕ್ರ ತಿರುಗಿಸಿದೆ. ಆಮೇಲೆ ನನ್ನ ಬೆರಳನ್ನೂ ಅಲ್ಲೇ ಇಡಿಸಿದರು. ಅಮ್ಮನ ಬೀಸುಕಲ್ಲಿನಲ್ಲಿ ಹಸಿ ಅಕ್ಕಿ ಸಿಕ್ಕಿದಂತೆ ತರಿತರಿ. ಎಡಗಡೆಯದು ಬೆಣ್ಣೆಯ ಹಾಗೆ ತಿರುಗಿತು. ಇಷ್ಟು ವರ್ಷ ಕಳೆದರೂ ಆ ತರಿತರಿ ನನ್ನ ಬೆರಳ ತುದಿಯಿಂದ ಹೋಗಿಲ್ಲ.

ಶನಿವಾರ ಬೆಳಿಗ್ಗೆ ಬೇಗ ಎದ್ದು ರಿಂಗ್ ರೋಡಿಗೆ ಹೋಗು. ಒಬ್ಬಳೇ ಹೋಗಬೇಡ, ಗೆಳತಿಯನ್ನು ಹಿಂದೆ ಕೂರಿಸಿಕೋ. ಹಿಂದೆ ಮುಂದೆ ಯಾವ ವಾಹನವೂ ಇಲ್ಲದಾಗ ಎಡಬಲ ಮಾಡಿ ನೋಡು, ಹಾವು ಹರಿದಂತೆ ಮೆತ್ತಗೆ ಸಾಕು. ಡಾಂಬರಿನಿಂದ ಕಾಂಕ್ರೀಟು ರಸ್ತೆಗೆ ಹತ್ತಿದಾಗ ಸದ್ದಿನ ದನಿಯೇ ಬದಲಾದರೆ ಟೈರಿನ ಮೇಲೆ ಅನುಮಾನ ಪಡು. ಅಂಗೈಯನ್ನು ಟೈರಿನ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲು ಸಿಕ್ಕರೆ ಗ್ಯಾರೇಜಿನವರು ಹೇಳಿದ್ದರಲ್ಲಿ ನಿಜ ಇದೆ. ಆಗಲೂ ಮೊದಲು ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸು. ಸದ್ದೂ ಜಾಗ ಬದಲಿಸಿದರೆ ಟೈರೇ. ಇದಕ್ಕೆ ಹೊಸ ಟೈರಿನ ದುಡ್ಡು ಬೇಕಿಲ್ಲ.

ಟೈರಲ್ಲ ಅಂತಾದರೆ ಅಜ್ಜ ಮಾಡಿದ ಹಾಗೆ ಜಾಕು ಕೊಟ್ಟು ನೋಡು. ಜಾಕಿನ ವಿಷಯದಲ್ಲಿ ಮಾತ್ರ ನನ್ನಾಣೆ. ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕು, ಹಿಂದಿನ ಚಕ್ರಗಳಿಗೆ ಕಲ್ಲು, ಮೈಯಡಿಗೆ ಸ್ಟೆಪ್ನಿ. ಎಂಜಿನ್ ಬಂದಾಗಿ ಗೇರು ನ್ಯೂಟ್ರಲ್ಲಿನಲ್ಲಿರಲಿ, ಕೈಯಲ್ಲೇ ತಿರುಗಿಸು. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ಹಾಕಿದೆ ಅಂತ ಕೇಳಿದರೆ ನಾನು ಅವತ್ತೇ ಬಸ್ಸು ಹತ್ತುತ್ತೇನೆ.

ಬೇರಿಂಗೇ ಅಂತಾದರೆ ಒಂದೇ ಮಾತು ಕೇಳು: "ಪ್ರೆಸ್ಸಿನಲ್ಲಿ ಕೂರಿಸುತ್ತೀರಾ?" ಆ ವರ್ಷ ನಮಗೆ ಬಲಗಡೆಯದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರು. ಬಡಿದ ಏಟು ಗುಂಡುಗಳ ಮೂಲಕ ಇಳಿದು ಒಳಗೆ ಗುಳಿ ಮಾಡುತ್ತದೆ. ಮೂರೇ ತಿಂಗಳಿಗೆ ಹೊಸ ಬೇರಿಂಗೂ ಹಾಡತೊಡಗಿತು. ನೀನು ನಿಂತು ನೋಡು. ಹೆಣ್ಣುಮಗಳು ಗ್ಯಾರೇಜಿನಲ್ಲಿ ನಿಂತರೆ ಯಾರೇನು ಅಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬೇಡ. ಒಳ್ಳೇ ಮೆಕ್ಯಾನಿಕ್ಕಿಗೆ ಪ್ರಶ್ನೆ ಕೇಳುವವರು ಇಷ್ಟ, ತೆಗೆದ ಬೇರಿಂಗನ್ನು ತಾನಾಗೇ ಕೈಗಿಟ್ಟು ತೋರಿಸುತ್ತಾನೆ.

ಅಜ್ಜನ ಉದ್ದನೆಯ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿ ನಿಮ್ಮ ಕಡೆಯ ಬಸ್ಸಿನಲ್ಲಿ ಕಳಿಸಿದ್ದೇನೆ. ತುದಿಯನ್ನು ಬೇರಿಂಗ್ ಕೂತಿರುವ, ತಿರುಗದ ಲೋಹಕ್ಕೆ ಆನಿಸಿ ಹಿಡಿಯನ್ನು ಕಿವಿಗಿಡು, ಗೆಳತಿ ಚಕ್ರ ತಿರುಗಿಸಲಿ. ಹಿಡಿಯ ಮರ ಒಂದು ಕಡೆ ನುಣ್ಣಗೆ ಸವೆದಿದೆ ನೋಡು, ಅದು ಅವರ ಕಿವಿ ತಾಗಿದ ಜಾಗ. ಕೇಳಿಸಿದ್ದನ್ನು ಶನಿವಾರವೇ ಫೋನ್ ಮಾಡಿ ಹೇಳು, ನಾನು ತೋಟಕ್ಕೆ ಹೋಗದೆ ಕಾಯುತ್ತಿರುತ್ತೇನೆ.

ನಿನ್ನ
ಮಾವ